ನಾಲ್ಕನೇ ಕ್ಯಾಮೆರಾದ ಜೇಡ

ಕೋಣಂದೂರಿನ ಸಾಹುಕಾರರ ಫೋನ್ ಬಂದಾಗ ನಾನು ಸಾಗರದ ಒಂದು ಬಟ್ಟೆ ಅಂಗಡಿಯ ಅಟ್ಟದಲ್ಲಿ ಬೋರಲು ಮಲಗಿ ವೈರ್ ಎಳೆಯುತ್ತಿದ್ದೆ. "ನೀವು ಹಾಕಿದ ನಾಲ್ಕನೇ ಕ್ಯಾಮೆರಾ ರಾತ್ರಿ ಪೂರ್ತಿ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಕಾಣ್ತದೆ. ಹಗಲು ನೋಡಿದ್ರೆ ಸರಿ ಇರ್ತದೆ. ಇದೆಂತ ಮಾರಾಯ್ತಿ?" ಅಂದರು. ಹಾಕಿ ಎರಡು ತಿಂಗಳೂ ಆಗಿರಲಿಲ್ಲ.

"ನಾಳೆ ಬರ್ತೀನಿ ಸಾರ್. ಹತ್ತು ನಿಮಿಷದ ಕೆಲಸ" ಅಂದೆ. ನನ್ನ ಹತ್ತು ನಿಮಿಷ ಎಷ್ಟು ಉದ್ದ ಅಂತ ನನ್ನ ಗಂಡನಿಗೆ ಮಾತ್ರ ಗೊತ್ತು.

ಸಾಹುಕಾರರದು ಕಾಳುಮೆಣಸಿನ ವ್ಯಾಪಾರ. ಹಲವು ತಲೆಮಾರಿನ ಜೈನ ಮನೆತನ. ರಸ್ತೆಗೆ ಮುಖ ಮಾಡಿ ಮನೆ, ಹಿಂದೆ ಅಂಗಳ, ಅಂಗಳದಾಚೆ ಗೋದಾಮು. ಗೋದಾಮಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಕಾವಲುಗಾರ ಮತ್ತು ಅವನ ಹೆಂಡತಿ. ಆತ ನನ್ನ ಮದುವೆಗೂ ಮುಂಚಿನಿಂದ ಅಲ್ಲಿದ್ದವನು, ಐವತ್ತೈದು ದಾಟಿರಬೇಕು. ಒಟ್ಟು ಆರು ಕ್ಯಾಮೆರಾಗಳಲ್ಲಿ ನಾಲ್ಕನೆಯದು ಗೋದಾಮಿನ ಬಾಗಿಲ ಮೇಲೆ, ಸೂರಿನ ಅಡಿಯಲ್ಲಿ ಕೂತಿತ್ತು. ಬಾಗಿಲಿಗೊಂದು ಬೆಳಕೂ ಬೇಕು ಅಂತ ಸಾಹುಕಾರರು ಕೇಳಿದ್ದರಿಂದ ಕ್ಯಾಮೆರಾದ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಒಂದು ಸಣ್ಣ ಬಲ್ಬನ್ನೂ ಹಾಕಿಕೊಟ್ಟಿದ್ದೆ. ಒಂದೇ ಡಬ್ಬಿ, ಒಂದೇ ಪೈಪು, ಎರಡು ಕೆಲಸ. ಆ ಕೈಚಳಕದ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಏಣಿ ಹತ್ತುವ ಹೆಂಗಸನ್ನು ಕಂಡರೆ ಜನ ಮೊದಲು ಏಣಿ ಹಿಡಿಯಲು ಬರುತ್ತಾರೆ, ಆಮೇಲೆ ಬುದ್ಧಿ ಹೇಳಲು. ಎರಡನ್ನೂ ಬೇಡ ಅಂದು ಅಂದು ನನಗೆ ರೂಢಿಯಾಗಿಬಿಟ್ಟಿದೆ. ಅವತ್ತು ಕಾವಲುಗಾರ ಏಣಿ ಹಿಡಿಯಲು ಬಂದಾಗಲೂ "ಬೇಡ ಬಿಡಿ, ನಂಗೆ ಅಭ್ಯಾಸ ಇದೆ" ಅಂದೆ. ಆತ ಪಕ್ಕಕ್ಕೆ ನಿಂತ.

ಗಾಜು ಒರೆಸಿದ ಹಾಗೆ ಚೊಕ್ಕಟವಾಗಿತ್ತು. ಡಬ್ಬಿ ಬಿಚ್ಚಿದೆ. ಮಳೆಗಾಲದ ನೀರು ಒಳಗೆ ಇಳಿದಿರಬಹುದು ಅನ್ನುವ ಅನುಮಾನ ಇತ್ತು, ದೀಪಾವಳಿ ಆಗಷ್ಟೇ ಕಳೆದಿತ್ತು. ಒಳಗೆ ಬೆರಳಿಟ್ಟರೆ ಒಣ ಪುಡಿ. ಮೀಟರ್ ಹಿಡಿದೆ, ಹನ್ನೆರಡು ವೋಲ್ಟ್ ಸರಿಯಾಗಿ ಬರುತ್ತಿತ್ತು. ಆದರೂ ಪಿನ್ ಕತ್ತರಿಸಿ ಹೊಸದು ಹಾಕಿದೆ. ರಾತ್ರಿಯಾದಾಗ ಕ್ಯಾಮೆರಾ ತನ್ನ ಮೂತಿಯ ಸುತ್ತ ಇರುವ ಐಆರ್ ದೀಪಗಳನ್ನು ಹಚ್ಚಿಕೊಳ್ಳುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಅದರಲ್ಲೇ ದೋಷ ಇರಬಹುದು ಅಂದುಕೊಂಡು ಕೊನೆಗೆ ಮೂರನೇ ಕ್ಯಾಮೆರಾವನ್ನು ನಾಲ್ಕನೆಯದರ ಜಾಗಕ್ಕೂ ನಾಲ್ಕನೆಯದನ್ನು ಮೂರರ ಜಾಗಕ್ಕೂ ಅದಲು ಬದಲು ಮಾಡಿದೆ. ಕ್ಯಾಮೆರಾ ಕೆಟ್ಟಿದ್ದರೆ ರೋಗ ಅದರ ಜೊತೆಗೇ ಹೋಗಬೇಕು. ಇದು ನಮ್ಮ ಕಸುಬಿನ ಅತಿ ಹಳೆಯ ಪರೀಕ್ಷೆ.

ಮರುದಿನ ಬೆಳಿಗ್ಗೆ ಫೋನ್ ಬಂತು. ಮೂರರ ಜಾಗದಲ್ಲಿ ಎಲ್ಲ ನಿಚ್ಚಳ. ಗೋದಾಮಿನ ಬಾಗಿಲು ಮತ್ತೆ ಬಿಳಿ.

ಅಂದರೆ ರೋಗ ಜಾಗದ್ದು. ಆ ಜಾಗದಲ್ಲಿ ರಾತ್ರಿ ಏನೋ ನಡೆಯುತ್ತಿದೆ. ಸ್ಕೂಟರ್ ಹತ್ತಿ ರಿಪ್ಪನ್‌ಪೇಟೆ ಮೇಲೆ ಮತ್ತೆ ಕೋಣಂದೂರಿಗೆ ಹೋದೆ. ಈ ಸಲ ಏಣಿ ಹತ್ತುವ ಬದಲು ಸಾಹುಕಾರರ ಕಚೇರಿ ಕೋಣೆಯಲ್ಲಿ ಮಾನಿಟರ್ ಮುಂದೆ ಕೂತು ರೆಕಾರ್ಡಿಂಗ್ ತೆಗೆದೆ. ಸಾಹುಕಾರರು ನನ್ನ ಹಿಂದೆ ನಿಂತಿದ್ದರು. ಗೋದಾಮಿನ ಇಬ್ಬರು ಹಮಾಲರು ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು.

ಡಿಸ್ಕ್ ಬೇಗ ತುಂಬದಿರಲಿ ಅಂತ ನಾನು ಮಾನಿಟರ್ ಪಕ್ಕದ ರೆಕಾರ್ಡರ್ ಡಬ್ಬವನ್ನು ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಹಾಗೆ ಇಟ್ಟಿದ್ದೆ. ಹಾಗಾಗಿ ಸಿಗುವುದೆಲ್ಲ ತುಂಡು ತುಂಡು. ಸಂಜೆಯ ಮೊದಲ ತುಂಡಿನಲ್ಲಿ ಕಾವಲುಗಾರ ಅಂಗಳದಿಂದ ಬರುತ್ತಾನೆ. ಕೈಯಲ್ಲಿ ಉದ್ದದ ಬಿದಿರಿನ ಗಳ, ಅದರ ತುದಿಗೆ ಬಟ್ಟೆ. ಗಳ ಎತ್ತುತ್ತಾನೆ. ಬಟ್ಟೆ ದೊಡ್ಡದಾಗುತ್ತಾ ದೊಡ್ಡದಾಗುತ್ತಾ ಬಂದು ಪರದೆ ಪೂರ್ತಿ ತುಂಬಿಕೊಳ್ಳುತ್ತದೆ. ಅಷ್ಟು ಸಾಕು ಅಂತ ಆ ತುಂಡನ್ನು ಅಲ್ಲಿಗೇ ಬಿಟ್ಟೆ. ಮುಂದಿನ ತುಂಡು ಒತ್ತಿದೆ, ಹದಿನಾರು ಪಟ್ಟು ವೇಗದಲ್ಲಿ. ಬರೀ ಬಿಳಿ, ಗಾಳಿಗೆ ಅಲುಗಿದ ಹಾಗೆ ನಡುಗುವ ಬಿಳಿ. ಹಿಂದಿನ ದಿನ ನೋಡಿದೆ, ಅದರ ಹಿಂದಿನ ದಿನ ನೋಡಿದೆ. ಎಲ್ಲ ಸಂಜೆಯೂ ಮೊದಲು ಬಟ್ಟೆ, ಆಮೇಲೆ ಬಿಳಿ.

ನಾನು ಕುರ್ಚಿ ತಿರುಗಿಸಿ ಹೇಳಿದೆ, "ಸಾರ್, ಇದು ಮಷೀನಿನ ದೋಷ ಅಲ್ಲ. ಮನುಷ್ಯರ ಕೈ."

ಸಾಹುಕಾರರು ಕಾವಲುಗಾರನನ್ನು ಕರೆಸಿದರು. ಆತ ಪರದೆ ನೋಡಿದ, ನನ್ನ ಮುಖ ನೋಡಿದ. "ಬಲೆ ತೆಗೀತಿದ್ದೆ ಸಾಹುಕಾರ್ರೇ. ದಿನಾ ತೆಗೀತೀನಲ್ಲ. ದೀಪ ಹಚ್ಚೋ ಮುಂಚೆ ತೆಗೀಬೇಕು, ಆಮೇಲೆ ಮುಟ್ಟಬಾರ್ದು ಅಂತ ಅಮ್ಮೋರು ಹೇಳಿದ್ದಾರೆ."

ಅಮ್ಮೋರು ಅಂದರೆ ಸಾಹುಕಾರರ ತಾಯಿ. ಆ ದಿನಗಳಲ್ಲಿ ಅವರು ಹುಂಚದ ಬಸದಿಗೆ ಹೋಗಿದ್ದರು. ಅವರ ಮನೆಯಲ್ಲಿ ಜೇಡವನ್ನಾಗಲಿ ಇರುವೆಯನ್ನಾಗಲಿ ಕೊಲ್ಲುವುದಿಲ್ಲ, ದೀಪ ಹಚ್ಚಿದ ಮೇಲೆ ಕಣ್ಣಿಗೆ ಕಾಣದ ಹುಳ ಸತ್ತೀತು ಅಂತ ಪೊರಕೆ ಮುಟ್ಟುವುದಿಲ್ಲ. ಬಲೆ ತೆಗೆಯುವುದಕ್ಕೂ ಪೊರಕೆ ಬೇಡ ಅಂತ ಗಳದ ತುದಿಗೆ ಹಳೇ ಹತ್ತಿ ಸೀರೆಯ ತುಂಡು ಕಟ್ಟಿದ್ದರು. ಜೇಡ ಬಟ್ಟೆಗೆ ಹತ್ತಿಕೊಂಡರೆ ಅಂಗಳದಾಚೆಯ ದಾಸವಾಳದ ಗಿಡಕ್ಕೆ ಬಿಟ್ಟು ಬರಬೇಕು.

"ಬಲೆ ತೆಗೀತಿದ್ರೆ ಆಮೇಲೆ ಬೆಳ್ಳಗೆ ಯಾಕಾಗ್ತದೆ?" ಅಂದೆ.

"ಕತ್ತಲಾದ ಮೇಲೆ ಜೇಡ ಮತ್ತೆ ಕಟ್ತದೆ ಮೇಡಂ."

"ಹಾಗಾದ್ರೆ ಬೆಳಿಗ್ಗೆ ಇರ್ಬೇಕಲ್ಲ? ನಾನು ನಿನ್ನೆ ಹತ್ತಿ ನೋಡಿದೀನಿ. ಒಂದು ಎಳೆ ಇರ್ಲಿಲ್ಲ."

"ಬೆಳಿಗ್ಗೆ ಇರಲ್ಲ. ರಾತ್ರಿ ಇರ್ತದೆ, ಬೆಳಗಾದ್ರೆ ಇರಲ್ಲ."

ನಾನು ನಕ್ಕುಬಿಟ್ಟೆ. "ಅದೆಂಥ ಜೇಡ ಅಣ್ಣ, ಬೆಳಿಗ್ಗೆ ಎದ್ದು ಮನೆ ಮಡಚಿಕೊಂಡು ಕೆಲಸಕ್ಕೆ ಹೋಗೋದು?"

ಬಾಗಿಲಲ್ಲಿದ್ದ ಹಮಾಲರೂ ನಕ್ಕರು.

ನನ್ನ ನಗುವಿಗೆ ನನ್ನ ಪ್ರಕಾರ ಆಧಾರವೂ ಇತ್ತು. ಕ್ಯಾಮೆರಾ ಕೆಲಸ ಮಾಡುವವರಿಗೆ ಜೇಡ ಹೊಸದಲ್ಲ. ಮನೆಯ ಮೂಲೆಗಳಲ್ಲಿ ಕೂದಲಿನಂಥ ಉದ್ದ ಕಾಲಿನ ಜೇಡ ಇರುತ್ತದೆ, ಮುಟ್ಟಿದರೆ ಮೈಮೇಲೆ ಬಂದವರ ಹಾಗೆ ನಡುಗುತ್ತದೆ. ಅದರ ಬಲೆಗೆ ರೂಪವೇ ಇಲ್ಲ. ಗೋಡೆಯ ಸಂದಿಯಲ್ಲಿ ಬಟ್ಟೆ ಹಾಸಿದ ಹಾಗೆ ಬಲೆ ಹಾಸಿ ಒಳಗೆ ಕೊಳವೆ ಮಾಡಿಕೊಂಡು ಕೂರುವುದು ಇನ್ನೊಂದು. ಹಿತ್ತಿಲಲ್ಲಿ ಬಲೆಯ ನಡುವೆ ಬಿಳಿ ಗೀಟು ಎಳೆದು ಕೂರುವುದು ಮತ್ತೊಂದು. ಎಲ್ಲವನ್ನೂ ಒರೆಸಿದ್ದೇನೆ. ಜೇಡ ಬಿಟ್ಟುಹೋದರೂ ಬಲೆ ಉಳಿದು ದೂಳು ಹಿಡಿದು ಜೋತಾಡುತ್ತದೆ. ತಾನಾಗಿ ಮಾಯವಾಗುವ ಬಲೆಯನ್ನು ನಾನು ಕಂಡಿರಲಿಲ್ಲ. ನಾನು ಕಂಡಿಲ್ಲ ಅಂದರೆ ಇಲ್ಲ ಅಂತಲೇ ಆಗ ನನ್ನ ಲೆಕ್ಕ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಸಾಹುಕಾರರು ಕೂಡಲೇ ಮೊಬೈಲ್ ತೆಗೆದು ಪರದೆಯ ಮೇಲಿನ ಬಟ್ಟೆಯ ತುಂಡನ್ನು ವಿಡಿಯೋ ಮಾಡಿ ಪೇಟೆಯ ವ್ಯಾಪಾರಿಗಳ ಗುಂಪಿಗೆ ಕಳಿಸಿದರು. "ನೋಡಿ, ನಮ್ಮ ಕಾವಲುಗಾರನ ಕಾವಲು" ಅಂತ ಕೆಳಗೆ ಬರೆದರು. ಆಮೇಲೆ ಕಾವಲುಗಾರನಿಗೆ, "ಈ ತಿಂಗಳು ಮುಗಿದ ಮೇಲೆ ಬೇರೆ ಕಡೆ ನೋಡ್ಕೋ. ಕೋಣೆನೂ ಬಿಟ್ಕೊಡು" ಅಂದರು. ತಿಂಗಳು ಮುಗಿಯಲು ಹತ್ತು ದಿನವಿತ್ತು. ನನಗೆ, "ಆ ತುಂಡುಗಳನ್ನ ಪೆನ್‌ಡ್ರೈವಲ್ಲಿ ಹಾಕಿ, ನೀವು ನೋಡಿದ್ದನ್ನ ಒಂದು ಹಾಳೇಲಿ ಬರೆದು ಸಹಿ ಹಾಕಿ ಕೊಡಿ. ನಾಳೆ ಯಾರೂ ಕೇಳಬಾರದು" ಅಂದರು. ನಾನು ಹೂಂ ಅಂದೆ. ರೆಕಾರ್ಡಿಂಗ್ ನಕಲು ಮಾಡಿಕೊಂಡು ಹೊರಟೆ. ಕಾವಲುಗಾರನ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಸ್ಕೂಟರ್ ತಿರುಗಿಸುವವರೆಗೂ ನನ್ನನ್ನೇ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಕೂತು ತುಂಡುಗಳನ್ನು ಜೋಡಿಸತೊಡಗಿದೆ. ಸಹಿ ಹಾಕುವ ಕಾಗದ ಅಂದಮೇಲೆ ಹೊತ್ತನ್ನೂ ಬರೆಯಬೇಕು. ಪರದೆಯ ಮೂಲೆಯಲ್ಲಿ ಬರುವ ಗಂಟೆಯನ್ನು ಆಗ ಮೊದಲ ಬಾರಿ ಸರಿಯಾಗಿ ಓದಿದೆ. ಬಟ್ಟೆ ಸರಿದು ಆ ಮೊದಲ ತುಂಡು ಮುಗಿಯುವುದು ಐದೂ ಐವತ್ತೆರಡಕ್ಕೆ. ಬಿಳಿಯ ತುಂಡು ಶುರುವಾಗುವುದು ಆರೂ ಇಪ್ಪತ್ತೊಂಬತ್ತಕ್ಕೆ. ನಡುವೆ ಮೂವತ್ತೇಳು ನಿಮಿಷ. ಆ ಹೊತ್ತಿನಲ್ಲಿ ಏನೂ ಅಲುಗಿರಲಿಲ್ಲ, ಆದ್ದರಿಂದ ಡಬ್ಬ ರೆಕಾರ್ಡೇ ಮಾಡಿರಲಿಲ್ಲ. ನಾನು ಎರಡು ತುಂಡುಗಳನ್ನು ಒಂದರ ಬೆನ್ನಿಗೊಂದು ನೋಡಿ ಅವನ್ನು ಒಂದೇ ಕೆಲಸ ಅಂದುಕೊಂಡಿದ್ದೆ.

ಎರಡನೇ ತುಂಡನ್ನು ನಿಧಾನಕ್ಕೆ, ಒಂದೊಂದೇ ಚಿತ್ರವಾಗಿ ಸರಿಸಿದೆ. ಮೊದಲ ಚಿತ್ರದಲ್ಲಿ ಬಟ್ಟೆ ಇಲ್ಲ. ಗೋದಾಮಿನ ಬಾಗಿಲು, ಬೀಗ, ಬಾಗಿಲ ಮುಂದಿನ ತಕ್ಕಡಿ, ಎಲ್ಲ ಸ್ವಚ್ಛ. ಮೇಲಿನ ಮೂಲೆಯಿಂದ ಒಂದೇ ಒಂದು ಬಿಳಿ ಗೆರೆ ಓರೆಯಾಗಿ ಇಳಿದಿತ್ತು. ಮುಂದೆ ಆ ಗೆರೆ ದಪ್ಪವಾಯಿತು, ಎರಡಾಯಿತು, ಒಂದಕ್ಕೊಂದು ಕಲಸಿಕೊಂಡು ಬಿಳಿಯಾಯಿತು. ಬೆಳಗಿನ ತುಂಡನ್ನೂ ತೆಗೆದೆ. ಐದೂವರೆಯ ಸುಮಾರಿಗೆ ಬಿಳಿ ಹರಿದುಹೋಗಿ ಬಾಗಿಲು ಕಾಣುತ್ತದೆ. ಹತ್ತಿರ ಯಾರೂ ಬರುವುದಿಲ್ಲ. ಗಳವಿಲ್ಲ, ಬಟ್ಟೆಯಿಲ್ಲ. ಕಟ್ಟಿದ ಬಟ್ಟೆಯನ್ನು ಬಿಚ್ಚುವವರು ಯಾರು ಅಂತ ನಾನು ಯಾಕೆ ಕೇಳಿಕೊಳ್ಳಲಿಲ್ಲವೋ!

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನನ್ನ ಅಪ್ಪ ದಿನಕ್ಕೆರಡು ಸಲ ಹೇಳುತ್ತಿದ್ದರು. ಹೇಳಿಸಿಕೊಂಡಿದ್ದು ಅಷ್ಟೇ ಆಯಿತು. ಸುಮ್ಮನಿದ್ದುಬಿಡುವ ದಾರಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಪೆನ್‌ಡ್ರೈವ್ ಕೊಟ್ಟರೆ ಸಾಹುಕಾರರು ಗಂಟೆ ನೋಡುವವರಲ್ಲ. ಪೇಟೆಯ ಇನ್ನೂ ನಾಲ್ಕಾರು ಅಂಗಡಿಗಳಿಗೆ ಕ್ಯಾಮೆರಾ ಹಾಕುವ ಮಾತು ನಡೆಯುತ್ತಿತ್ತು, ಅವೆಲ್ಲ ನನ್ನ ಕೈಗೆ ಬರುವ ಹಾಗಿದ್ದವು. ಆದರೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಆ ಹೆಂಗಸಿನ ನೋಟ ಕಣ್ಣ ಮುಂದಿನಿಂದ ಹೋಗಲಿಲ್ಲ. ಫೋನ್ ಮಾಡಿದೆ.

"ಸಾರ್, ಆ ಕಾಗದ ಬರೆಯಲ್ಲ. ನಾನು ಹೇಳಿದ್ದು ತಪ್ಪಿರಬಹುದು."

"ಮನುಷ್ಯರ ಕೈ ಅಂತ ನೀವೇ ಅಲ್ವಾ ಅಂದಿದ್ದು?"

"ಹೌದು. ಒಂದು ರಾತ್ರಿ ಕೊಡಿ ನಂಗೆ. ಅಲ್ಲೇ ಇದ್ದು ನೋಡ್ತೀನಿ."

ಮರುದಿನ ಒಂದು ಕ್ಯಾಮೆರಾವನ್ನು ಹೆಚ್ಚಿಗೆ ಕಟ್ಟಿಕೊಂಡು ಹೋದೆ. ಅದನ್ನು ಗೋದಾಮಿನ ಪಕ್ಕದ ಕಂಬಕ್ಕೆ, ನಾಲ್ಕನೇ ಕ್ಯಾಮೆರಾವನ್ನೇ ಅಡ್ಡದಿಂದ ನೋಡುವ ಹಾಗೆ ಬಿಗಿದೆ. ಕ್ಯಾಮೆರಾ ಕಾಯಲು ಒಂದು ಕ್ಯಾಮೆರಾ. ಡಬ್ಬವನ್ನು ಬಿಡುವಿಲ್ಲದೆ ರೆಕಾರ್ಡ್ ಮಾಡುವ ಹಾಗೆ ಬದಲಿಸಿದೆ. ಕಾವಲುಗಾರ ಅಂಗಳದಲ್ಲೇ ಇದ್ದ, ಹತ್ತಿರ ಬರಲಿಲ್ಲ. ಏಣಿ ಹತ್ತಿ ಸೂರಿನ ಪಕಾಸು ಮರಗಳಿಗೆ ಟಾರ್ಚ್ ಹಿಡಿದು ಹುಡುಕಿದೆ. ಡಬ್ಬಿಯ ಹಿಂದೆ ಪಕಾಸಿಗೆ ಅಂಟಿಕೊಂಡು ಹುಣಿಸೆಬೀಜದಷ್ಟು ದೊಡ್ಡ ಕಂದು ಗಂಟು ಇತ್ತು. ಮೊದಲ ದಿನವೂ ಅದನ್ನು ಕಂಡಿದ್ದೆ, ಮರದ ಗಂಟು ಅಂದುಕೊಂಡು ಪಕ್ಕದಲ್ಲೇ ಸ್ಕ್ರೂಡ್ರೈವರ್ ಆಡಿಸಿದ್ದೆ. ಈಗ ಟಾರ್ಚ್ ಬೆಳಕಿನಲ್ಲಿ ಮಡಚಿಟ್ಟ ಕಾಲುಗಳು ಕಂಡವು.

ಸಾಹುಕಾರರ ತಾಯಿ ಹುಂಚದಿಂದ ವಾಪಸು ಬಂದಿದ್ದರು. ಐದೂವರೆಗೇ ಕರೆದರು. "ಬಾ ಮಗಾ, ಹೊತ್ತು ಮುಳುಗೋ ಮುಂಚೆ ಉಂಡುಬಿಡು. ಆಮೇಲೆ ನಮ್ಮನೇಲಿ ಒಲೆ ಇಲ್ಲ." ಊಟ ಬಡಿಸುತ್ತಾ ಮೆಲ್ಲಗೆ ಕೇಳಿದರು, "ಅವನು ಮಾಡಿಲ್ಲ ಅಂತ ನಿಂಗೀಗ ಅನಿಸ್ತಾ?"

"ಅನಿಸ್ತಿದೆ ಅಮ್ಮಾ."

"ನಂಗೆ ಮೊದ್ಲೇ ಗೊತ್ತು. ಆದ್ರೆ ನನ್ನ ಮಗ ನನ್ನ ಮಾತಿಗಿಂತ ನಿನ್ನ ಟಿವಿ ನಂಬ್ತಾನೆ. ನೀನೇ ತೋರಿಸ್ಬೇಕು."

ನಾನು ಎಲೆ ಎತ್ತಿ ಹೊರಗೆ ಬಂದಾಗ ಕಾವಲುಗಾರ ಗಳ ಹಿಡಿದು ಸೂರನ್ನೆಲ್ಲ ಒರೆಸಿ ಮುಗಿಸಿದ್ದ. ಬಲ್ಬು ಹತ್ತಿತು. ಇನ್ನೂ ಬಾನಿನಲ್ಲಿ ಬೆಳಕಿರುವಾಗಲೇ ಸಣ್ಣ ಹುಳಗಳು ಅದರ ಸುತ್ತ ಮುತ್ತಿದವು. ಆರೂ ಕಾಲಿನ ಹೊತ್ತಿಗೆ ಪಕಾಸಿನ ಗಂಟು ಕಾಲು ಬಿಚ್ಚಿತು.

ನಿಂತ ನೆಲದಿಂದ ಅಲ್ಲಾಡದೆ ನೋಡಿದೆ. ಮೊದಲು ಒಂದು ಎಳೆಯನ್ನು ಗಾಳಿಗೆ ಬಿಟ್ಟು ಕಾದಿತು. ಎಳೆ ಹೋಗಿ ಬಲ್ಬಿನ ತಂತಿಗೆ ಅಂಟಿದಾಗ ಅದರ ಮೇಲೆ ನಡೆದು ಗಟ್ಟಿ ಮಾಡಿತು. ಅಲ್ಲಿಂದ ಕ್ಯಾಮೆರಾದ ಮೂತಿಗೆ, ಮೂತಿಯಿಂದ ಪಕಾಸಿಗೆ. ಚೌಕಟ್ಟು ಆದ ಮೇಲೆ ಗಾಲಿಯ ಕಡ್ಡಿಗಳ ಹಾಗೆ ನಡುವಿನಿಂದ ಹೊರಕ್ಕೆ ಎಳೆಗಳು. ಕೊನೆಗೆ ಹೊರಗಿನಿಂದ ಒಳಕ್ಕೆ ಸುತ್ತು ಬರತೊಡಗಿತು, ಪ್ರತಿ ಕಡ್ಡಿಗೂ ಹಿಂಗಾಲಿನಿಂದ ಒಂದು ಮುಟ್ಟು. ಮುಕ್ಕಾಲು ಗಂಟೆಯೊಳಗೆ ಊಟದ ತಟ್ಟೆಯಷ್ಟು ಅಗಲದ ಬಲೆ ಕ್ಯಾಮೆರಾದ ಕಣ್ಣಿನ ಮುಂದೆ, ನಾಲ್ಕು ಬೆರಳು ದೂರದಲ್ಲಿ ನಿಂತಿತು. ಅಷ್ಟು ಹತ್ತಿರದ ಎಳೆಯ ಮೇಲೆ ಐಆರ್ ಬೆಳಕು ಬಿದ್ದರೆ ಕ್ಯಾಮೆರಾ ಕುರುಡಾಗದೆ ಇನ್ನೇನು? ನನ್ನ ಕಣ್ಣಿಗೆ ಹೊಗೆಯಷ್ಟು ತೆಳ್ಳಗಿದ್ದದ್ದು ಒಳಗೆ ಮಾನಿಟರಿನಲ್ಲಿ ಸುಣ್ಣ ಬಳಿದ ಗೋಡೆಯಾಗಿತ್ತು. ನನಗೆ ಬೆರಗಾಯಿತು. ಎಂಥ ಕೆಲಸಗಾರ್ತಿ! ಒಂದು ಅಳತೆ ತಪ್ಪಿಲ್ಲ, ಒಂದು ಎಳೆ ಹಾಳಿಲ್ಲ.

ಬೆಳಗಿನ ಜಾವ, ನಾನು ಮಲಗಿದ್ದ ಕಚೇರಿ ಕೋಣೆಯ ಕಿಟಕಿ ತಟ್ಟಿ ಕಾವಲುಗಾರನೇ ಎಬ್ಬಿಸಿದ. ಇಬ್ಬರೂ ಸೂರಿನ ಕೆಳಗೆ ನಿಂತೆವು. ಪೂರ್ವ ಬೆಳ್ಳಗಾಗುತ್ತಿದ್ದ ಹಾಗೆ ಜೇಡ ಒಂದೊಂದೇ ಕಡ್ಡಿ ಕತ್ತರಿಸಿ, ಬಲೆಯನ್ನು ಕಾಲಲ್ಲಿ ಎಳೆದು ಎಳೆದು ಉಂಡೆ ಮಾಡಿ ಬಾಯಿಗಿಟ್ಟುಕೊಂಡಿತು. ಕೆಲವೇ ನಿಮಿಷ. ಉಂಡೆ ಕರಗಿತು. ಜೇಡ ಪಕಾಸಿಗೆ ಹತ್ತಿ ಕಾಲು ಮಡಚಿತು.

"ತನ್ನ ಬಲೆ ತಾನೇ ತಿಂದು ಹೋಗ್ತದೆ" ಅಂದ ಕಾವಲುಗಾರ. "ಆ ಬಲ್ಬು ಹಾಕೋ ಮುಂಚೆ ಇದು ಇಲ್ಲಿರ್ಲಿಲ್ಲ. ದಾಸವಾಳದ ಹತ್ರ ಇರ್ತಿತ್ತು. ಬೆಳಕಿಗೆ ಹುಳ ಬರ್ತದೆ, ಹುಳಕ್ಕೆ ಇದು ಬರ್ತದೆ."

"ಇದನ್ನ ಅವತ್ತೇ ಬಿಡಿಸಿ ಹೇಳ್ಬಾರ್ದಿತ್ತಾ ಅಣ್ಣ?"

"ಹೇಳೋಕೆ ಶುರು ಮಾಡಿದ್ದೆ ಮೇಡಂ. ನೀವು ನಕ್ಕುಬಿಟ್ರಿ."



ಪೂಜೆ ಮುಗಿಸಿ ಎಂಟು ಗಂಟೆಗೆ ಸಾಹುಕಾರರು ಬಂದು ಸೂರು ನೋಡಿದರು. "ಎಲ್ಲಿದೆ ಬಲೆ?" ಅಂದರು. ಮೂರು ದಿನದ ಹಿಂದೆ ನಾನು ಕೇಳಿದ ಪ್ರಶ್ನೆಯೇ. ಒಳಗೆ ಕರೆದುಕೊಂಡು ಹೋಗಿ ಅಡ್ಡ ಕ್ಯಾಮೆರಾದ ರೆಕಾರ್ಡಿಂಗ್ ತೋರಿಸಿದೆ, ಗಳ ಬಂದು ಹೋದದ್ದರಿಂದ ಹಿಡಿದು ಜೇಡ ಬಲೆ ನುಂಗುವವರೆಗೆ. ಮೊದಲ ಸಲ ನಿಂತೇ ನೋಡಿದರು. ಎರಡನೇ ಸಲ ತಾವೇ ಮೌಸ್ ಹಿಡಿದು ನೋಡಿದರು. ತಾಯಿ ಬಾಗಿಲಲ್ಲಿ ನಿಂತಿದ್ದರು.

"ಕೆಲಸ ಬಿಡೋದು ಬೇಡ, ಇಲ್ಲೇ ಇರು" ಅಂದರು ಸಾಹುಕಾರರು, ಕಾವಲುಗಾರನ ಕಡೆ ನೋಡದೆ.

ಕಾವಲುಗಾರ ತಲೆಯಾಡಿಸಲಿಲ್ಲ. "ಇರ್ತೀನಿ ಸಾಹುಕಾರ್ರೇ. ಆದ್ರೆ ಒಂದು ಮಾತು. ನಾನು ಕ್ಯಾಮೆರಾಕ್ಕೆ ಬಟ್ಟೆ ಕಟ್ತೀನಿ ಅಂತ ಪೇಟೇಲಿ ಎಲ್ಲರ ಮೊಬೈಲಲ್ಲೂ ಇದೆ. ನಿನ್ನೆ ಚಾ ಅಂಗಡೀಲಿ ನನ್ನ ಮುಂದೇನೇ ಹಾಕ್ಕೊಂಡು ನೋಡಿದ್ರು. ಇದನ್ನೂ ಅವರಿಗೆಲ್ಲ ಕಳಿಸಿ."

ಸಾಹುಕಾರರ ಮುಖ ಬಿಗಿಯಿತು. "ಕಳಿಸೋಣ, ಕಳಿಸೋಣ. ಮೊದ್ಲು ಕ್ಯಾಮೆರಾ ಸರಿಯಾಗ್ಲಿ. ಒಂದು ರಾತ್ರಿ ಪೂರ್ತಿ ಬಾಗಿಲು ಕಾಣ್ಲಿ. ಇಲ್ದಿದ್ರೆ ಜೇಡಕ್ಕೆ ಹೆದರಿದ ಸಾಹುಕಾರ ಅಂತ ಜನ ನನ್ನ ಆಡ್ಕೋತಾರೆ" ಅಂದರು. ಹೀಗೆ ಆ ಮನುಷ್ಯನ ಮಾನ ನನ್ನ ಕೈಕೆಲಸಕ್ಕೆ ಜೋತುಬಿದ್ದಿತು.

ಸಾಮಾನು ಸರಬರಾಜು ಮಾಡುವವರಿಗೆ ಫೋನ್ ಮಾಡಿ ಕೇಳಿದೆ. "ತಿಂಗಳಿಗೊಮ್ಮೆ ಹುಳದ ಸ್ಪ್ರೇ ಹೊಡೀರಿ, ಮುಗೀತು" ಅಂದರು. ಅದನ್ನು ಹೇಳಲು ಬಾಯಿ ತೆರೆದೆನಷ್ಟೇ, ಅಮ್ಮ ಕೈ ಅಡ್ಡ ಹಿಡಿದರು. "ಈ ಅಂಗಳದಲ್ಲಿ ಅದು ಆಗಲ್ಲ ಮಗಾ. ಬೇಕಾದ್ರೆ ನಿನ್ನ ಕ್ಯಾಮೆರಾ ತಗೊಂಡು ಹೋಗು." ಸಾಹುಕಾರರೂ ತಾಯಿಯ ಮಾತಿಗೆ ಎದುರಾಡಲಿಲ್ಲ.

ಆಗ ಕಾವಲುಗಾರ ಬೆಳಿಗ್ಗೆ ಹೇಳಿದ್ದನ್ನೇ ಹಿಡಿದೆ. ಜೇಡವನ್ನು ಎತ್ತಿ ಹಾಕಿದರೆ ಅದೋ ಇನ್ನೊಂದೋ ಮತ್ತೆ ಬರುತ್ತದೆ. ಅದರ ಊಟವನ್ನೇ ಬೇರೆ ಕಡೆ ಬಡಿಸಬೇಕು. ಒಂದೇ ಡಬ್ಬಿಯಲ್ಲಿ ಎರಡು ಕೆಲಸ ಮಾಡಿದ ನನ್ನ ಕೈಚಳಕವನ್ನು ನಾನೇ ಬಿಚ್ಚಿದೆ. ಬಲ್ಬನ್ನು ಅಂಗಳದಾಚೆ ದಾಸವಾಳದ ಪಕ್ಕದ ಕಂಬಕ್ಕೆ ಒಯ್ದೆ. ವೈರ್ ಎಳೆಯುವಾಗ ಈ ಸಲ ಕಾವಲುಗಾರನನ್ನು ನಾನೇ ಕರೆದೆ, ಏಣಿ ಹಿಡಿಯಲು. ಬಂದು ಹಿಡಿದ.

ಆ ರಾತ್ರಿಯೂ ಬಿಳಿ. ಮರುದಿನವೂ ಬಿಳಿ. ಸಾಹುಕಾರರು ಎರಡು ದಿನ ಬೆಳಿಗ್ಗೆ ಫೋನ್ ಮಾಡಿ "ಊಹ್ಞೂಂ" ಅಂತಷ್ಟೇ ಹೇಳಿ ಇಟ್ಟರು. ರೆಕಾರ್ಡಿಂಗ್ ತರಿಸಿಕೊಂಡು ನೋಡಿದೆ. ಐಆರ್ ದೀಪ ನಮಗೆ ಕಾಣದಿದ್ದರೂ ಕ್ಯಾಮೆರಾದ ಮೂತಿ ರಾತ್ರಿ ಬೆಚ್ಚಗಿರುತ್ತದೆ. ಕೆಲವು ಪುಟ್ಟ ಹುಳಗಳು ಅಲ್ಲಿಗೇ ಬಂದು ಕೂರುತ್ತಿದ್ದವು. ಜೇಡಕ್ಕೆ ಅಷ್ಟು ಸಾಕಾಗಿತ್ತು. ಮೂರನೇ ದಿನ ಹೋಗಿ ಕ್ಯಾಮೆರಾದೊಳಗಿನ ಐಆರ್ ದೀಪವನ್ನೇ ಆರಿಸಿದೆ. ಬೇರೆಯದೇ ಒಂದು ಐಆರ್ ದೀಪವನ್ನು ಎರಡು ಮಾರು ಆಚೆ ಗೋಡೆಗೆ ಹಾಕಿ, ಬೆಳಕು ಓರೆಯಾಗಿ ಬಾಗಿಲ ಮೇಲೆ ಬೀಳುವ ಹಾಗೆ ಕೂರಿಸಿದೆ. ಈಗ ಕ್ಯಾಮೆರಾದ ಕಣ್ಣ ಮುಂದೆ ಎಳೆ ಬಂದರೂ ಅದರ ಮೇಲೆ ಬೆಳಕು ಬೀಳುವುದಿಲ್ಲ. ಕ್ಯಾಮೆರಾ ತಣ್ಣಗಿರುತ್ತದೆ, ಬೆಳಕು ಬೇರೆ ಕಡೆ, ಊಟ ಇನ್ನೂ ಬೇರೆ ಕಡೆ. ಇಷ್ಟು ಮಾಡಿದ ಮೇಲೆ ನನ್ನ ಹಳೇ ಧೈರ್ಯ ವಾಪಸು ಬಂತು. ಇದು ಆಗೇ ಆಗುತ್ತದೆ ಅಂತ ಗೊತ್ತಾಗಿತ್ತು, ಆದರೆ ಹತ್ತು ನಿಮಿಷ ಅಂತ ಯಾರಿಗೂ ಹೇಳಲಿಲ್ಲ.

ಆ ರಾತ್ರಿ ಬಾಗಿಲು ಬೆಳಗಿನವರೆಗೂ ಕಂಡಿತು, ಬೀಗದ ತೂತಿನ ಸಮೇತ. ಮರುರಾತ್ರಿಯೂ ಕಂಡಿತು. ಜೇಡ ದಾಸವಾಳಕ್ಕೂ ಬಲ್ಬಿನ ಕಂಬಕ್ಕೂ ನಡುವೆ ಹಿಂದಿನದಕ್ಕಿಂತ ಎರಡರಷ್ಟು ದೊಡ್ಡ ಬಲೆ ಕಟ್ಟಿಕೊಂಡಿದೆ ಅಂತ ಅಮ್ಮನೇ ಫೋನ್ ಮಾಡಿ ಹೇಳಿದರು. ಮಗಳು ಗಂಡನ ಮನೆಯಲ್ಲಿ ಹೊಂದಿಕೊಂಡಳು ಅನ್ನುವ ಧಾಟಿಯಲ್ಲಿ ಹೇಳಿದರು.

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಅಡ್ಡ ಕ್ಯಾಮೆರಾ ಬಿಚ್ಚಿಕೊಂಡು ಬರುವ ನೆಪದಲ್ಲಿ ಮಧ್ಯಾಹ್ನದ ಮೇಲೆ ಹೋದೆ. ಅದೇ ಕಚೇರಿ ಕೋಣೆ. ನಾನೇ ಹಮಾಲರಿಬ್ಬರನ್ನೂ ಕರೆದೆ, ಅವತ್ತು ನಕ್ಕಿದ್ದು ಇದೇ ಜನರ ಮುಂದಲ್ಲವೇ. "ಅಣ್ಣ, ನಾನು ಸರಿಯಾಗಿ ನೋಡದೆ ನಿಮ್ಮ ಮೇಲೆ ಹೇಳಿದೆ. ನಕ್ಕಿದ್ದು ಇನ್ನೂ ದೊಡ್ಡ ತಪ್ಪು. ಕ್ಷಮಿಸಿ" ಅಂದೆ. ಕಾವಲುಗಾರ "ಆಯ್ತು ಬಿಡಿ" ಅಂತ ಅನ್ನಲಿಲ್ಲ. ಸಾಹುಕಾರರ ಮೊಬೈಲ್ ಕಡೆ ನೋಡುತ್ತಾ ನಿಂತಿದ್ದ.

ಸಾಹುಕಾರರು ಮೊಬೈಲ್ ತೆಗೆದು ಪೇಟೆಯ ಗುಂಪು ತೆರೆದರು. ಜೇಡದ ವಿಡಿಯೋ ಹಾಕಿದರು. ಬೆರಳು ಅಲ್ಲೇ ನಿಂತಿತು. "ಕೆಳಗೆ ಏನಂತ ಬರೀಲಿ?" ಅಂತ ನನ್ನನ್ನು ಕೇಳಿದರು. ಅವರಿಗೆ ತಮ್ಮ ತಪ್ಪು ಬರೆಯಲು ಕಷ್ಟವಾಗುತ್ತಿತ್ತು, ಅದು ನನಗೆ ಅರ್ಥವಾಯಿತು. ಆ ಗುಂಪಿನಲ್ಲಿದ್ದವರೆಲ್ಲ ನಾಳೆ ನನಗೆ ಕೆಲಸ ಕೊಡಬೇಕಾದವರು ಅನ್ನುವುದೂ ಗೊತ್ತಿತ್ತು.

"ಬರೀರಿ ಸಾರ್" ಅಂದೆ. "ನಮ್ಮ ಕಾವಲುಗಾರ ಕ್ಯಾಮೆರಾ ಮುಚ್ಚಿಲ್ಲ. ದಿನಾ ಬಲೆ ತೆಗೀತಿದ್ದ. ತಪ್ಪಾಗಿ ನೋಡಿ ತಪ್ಪಾಗಿ ಹೇಳಿದ್ದು ಕ್ಯಾಮೆರಾ ಹಾಕಿದವಳು. ಅಂತ ಬರೆದು ನನ್ನ ಹೆಸರು, ನನ್ನ ಅಂಗಡಿ ಹೆಸರು ಹಾಕಿ."

ಸಾಹುಕಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹೆಸರು ಬೇಕಾ?"

"ಬೇಕು. ಈ ಅಣ್ಣನ ಮುಖ ಎಲ್ಲರಿಗೂ ಗೊತ್ತಾಯ್ತಲ್ಲ."

ಬರೆದರು. ಒಂದು ಕ್ಷಣ ಯೋಚಿಸಿ ಕೊನೆಗೆ ತಾವಾಗಿಯೇ "ನಂಬಿದ ತಪ್ಪು ನನ್ನದು" ಅಂತ ಒಂದು ಸಾಲು ಸೇರಿಸಿ, ಗಟ್ಟಿಯಾಗಿ ಓದಿ, ಕಳಿಸಿದರು. ಕಾವಲುಗಾರ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಗೋಡೆಯ ಗಡಿಯಾರ ನೋಡಿ, "ಹೊತ್ತಾಯ್ತು, ದೀಪ ಹಚ್ಚೋ ಮುಂಚೆ ಸೂರು ಒರೆಸ್ಬೇಕು" ಅಂತ ಹೊರಗೆ ಹೋದ.

ನಾವು ಯಾರೂ ಏಳಲಿಲ್ಲ. ಅಮ್ಮನೂ ಬಂದು ಕುರ್ಚಿ ಎಳೆದುಕೊಂಡು ಕೂತರು. ಮಾನಿಟರ್ ಮೇಲಿನ ನಾಲ್ಕನೇ ಚೌಕದಲ್ಲಿ ಆತ ಅಂಗಳ ದಾಟಿ ಬರುವುದು ಕಾಣಿಸಿತು. ಗಳ ಎತ್ತಿದ. ಹಳೇ ಸೀರೆಯ ತುಂಡು ದೊಡ್ಡದಾಗುತ್ತಾ ಬಂದು ಇಡೀ ಚೌಕ ತುಂಬಿಕೊಂಡಿತು, ಸೀರೆಯ ಎಳೆ ಎಳೆ ಕಾಣುವಷ್ಟು ಹತ್ತಿರ. ಯಾರೂ ಮೌಸ್ ಮುಟ್ಟಲಿಲ್ಲ. ಬಟ್ಟೆ ಎರಡು ಸಲ ಅತ್ತಿತ್ತ ಆಡಿತು, ಆಮೇಲೆ ಸರಿಯಿತು. ಗೋದಾಮಿನ ಬಾಗಿಲು, ಬೀಗ, ತಕ್ಕಡಿ, ಗಳ ಹೆಗಲಿಗಿಟ್ಟುಕೊಂಡು ಮುಂದಿನ ಕಂಬದ ಕಡೆ ಹೋಗುತ್ತಿದ್ದ ಅವನ ಬೆನ್ನು, ಎಲ್ಲ ನಿಚ್ಚಳವಾಗಿ ಕಂಡವು.